ಜವರಪ್ಪನವರ ಬಗ್ಗೆ ಅರ್ಧ ಪುಟ

ದೊಡ್ಡಬಳ್ಳಾಪುರದ ಸಹೋದರ ಸೇವಾ ಮಂಡಳಿಯ ಬೆಳ್ಳಿಹಬ್ಬ ನಡೆಯಬೇಕಾಗಿದ್ದದ್ದು ನಲವತ್ತೆರಡನೇ ಇಸವಿಯಲ್ಲಿ. ಆಗ ಯುದ್ಧ, ಚಳವಳಿ, ಸೀಮೆಎಣ್ಣೆಗೂ ಸರದಿ ನಿಲ್ಲುವ ಕಾಲ. ಹಬ್ಬ ಮಾಡುವ ಮನಸ್ಸು ಯಾರಿಗಿತ್ತು? ವರ್ಷದಿಂದ ವರ್ಷಕ್ಕೆ ಮುಂದೆ ಹೋಗಿ, ಕೊನೆಗೆ ನಲವತ್ತಾರರ ದೀಪಾವಳಿ ಕಳೆದ ಮೇಲೆ ಮಾಡುವುದೆಂದು ಗೊತ್ತಾಯಿತು. ಅಷ್ಟರಲ್ಲಿ ಮಂಡಳಿಗೆ ಸ್ವಂತ ಕಟ್ಟಡವೂ ಎದ್ದಿತ್ತು. ಊರ ಸೇವೆಯಲ್ಲಿ ಪ್ರಾಣ ಬಿಟ್ಟ ಸದಸ್ಯರ ಪಟಗಳನ್ನು ಅಲ್ಲಿ ತೂಗುಹಾಕಬೇಕು, ನೆನಪಿನ ಪುಸ್ತಕದಲ್ಲಿ ಒಬ್ಬೊಬ್ಬರ ಬಗ್ಗೆಯೂ ಅರ್ಧ ಪುಟ ಅಚ್ಚಾಗಬೇಕು ಎಂದು ಅಧ್ಯಕ್ಷ ಮುನಿವೆಂಕಟಪ್ಪನವರು ತೀರ್ಮಾನಿಸಿದರು. ಅದೇ ಮಾತು ಹೇಳಲು ಒಂದು ಮಧ್ಯಾಹ್ನ ಹೆಣ್ಣುಮಕ್ಕಳ ಶಾಲೆಗೆ ಬಂದರು.

ಆ ಶಾಲೆಯಲ್ಲಿ ಮೇಡಮ್ಮನಾಗಿದ್ದವಳು ಅಶ್ವತ್ಥಮ್ಮ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತರಬೇತಿ ಮುಗಿಸಿ, ತಾಯಿ ಕದಿರಮ್ಮನ ಜೊತೆ ಕೋಟೆಬೀದಿಯ ಹಳೆಯ ಮನೆಯಲ್ಲಿ ಇದ್ದವಳು. ಈ ಕೆಲಸ ಕೊಡಿಸಲು ಓಡಾಡಿದವರೂ ಮುನಿವೆಂಕಟಪ್ಪನವರೇ. ರಕ್ತಸಂಬಂಧವೇನೂ ಇರಲಿಲ್ಲ, ಅವಳ ತಂದೆ ಜವರಪ್ಪನ ಗೆಳೆಯರು, ಆದ್ದರಿಂದ ಅವಳಿಗೆ ಮಾವ.

"ನಿಮ್ಮಪ್ಪನ ಬಗ್ಗೆ ನೀನೇ ಬರ್ದ್ಬಿಡಮ್ಮ. ಓದಿದೋಳು ನೀನು," ಎಂದರು.

"ನಂಗೇನು ಗೊತ್ತು ಮಾವ? ಅಪ್ಪ ಹೋದಾಗ ನಂಗೆ ಎರಡು ವರ್ಷ."

"ಗೊತ್ತಿರೋದೇ ಬರಿ. ಹದಿನೆಂಟನೇ ಇಸ್ವಿ ಜ್ವರದಲ್ಲಿ ಊರಿನ ಹೆಣಗಳಿಗೆ ಹೆಗಲು ಕೊಟ್ಟ, ಅದೇ ಜ್ವರಕ್ಕೆ ಬಲಿಯಾದ. ಅಷ್ಟೇ. ಸ್ವಲ್ಪ ಚಂದ ಮಾಡಿ ಬರಿ." ಹೊರಡುವಾಗ ಬಾಗಿಲಲ್ಲಿ ನಿಂತು ಅವಳ ಮುಖವನ್ನೇ ನೋಡಿದರು. "ಅವನದು ಒಂದು ಫೋಟೋನೂ ಇಲ್ಲ. ಪಟ ಬರೆಯೋನು ಬೆಂಗಳೂರಿಂದ ಬರ್ತಾನೆ. ಅವನ ಮುಂದೆ ಒಂದು ಗಳಿಗೆ ಕೂತ್ಕೋ. ಕಣ್ಣು ಮೂಗು ಎಲ್ಲಾ ಜವರಪ್ಪಂದೇ."

ಅರ್ಧ ಪುಟವಾದರೂ ಅಪ್ಪನ ಬಗ್ಗೆ ಬರೆಯುವುದು ಎಂದಾಗ ಅಶ್ವತ್ಥಮ್ಮನಿಗೆ ಆಸೆ ಹುಟ್ಟಿತು. ಯಾವ ವಾರ ಹೋದರು, ಯಾವ ತಿಥಿ, ಯಾರ ಯಾರ ಹೆಣ ಹೊತ್ತರು? ಮನೆಯಲ್ಲಿ ಈ ಮಾತು ಎತ್ತುವಂತಿರಲಿಲ್ಲ. ಎತ್ತಿದರೆ ಕದಿರಮ್ಮ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಈ ಸಲ ಮಾತ್ರ ಹೋಗಲಿಲ್ಲ. ಒಲೆಯ ಮುಂದೆ ಕೂತೇ, ಮಗಳ ಕಡೆ ತಿರುಗದೆ, "ಬರೀಬೇಡ ಅನ್ನಲ್ಲ. ಹುಡುಕ್ಬೇಡ," ಅಂದಳು.

ಆದರೂ ಅಶ್ವತ್ಥಮ್ಮ ಹುಡುಕಿದಳು. ಆ ಕಾಲದಲ್ಲಿ ಊರಿಗೊಂದು ವಾರಪತ್ರಿಕೆ ಇತ್ತು, 'ಬಳ್ಳಾಪುರ ವರ್ತಮಾನ' ಎಂದು. ನಾಲ್ಕು ಪುಟ, ರೇಷ್ಮೆ ದರ, ರಾಗಿ ದರ, ಜಾತಕದ ಜಾಹೀರಾತು, ಊರ ಸುದ್ದಿ. ನಡೆಸುತ್ತಿದ್ದವರು ತೀರಿಕೊಂಡ ಮೇಲೆ ಪತ್ರಿಕೆ ನಿಂತು, ಅಚ್ಚಿನ ಸೀಸದ ಮೊಳೆಗಳನ್ನು ಯಾರೋ ತೂಕಕ್ಕೆ ಕೊಂಡು ಹೋಗಿದ್ದರು. ಹಳೆಯ ಸಂಚಿಕೆಗಳ ಕಟ್ಟುಗಳು ಮಾತ್ರ ಅವರ ಹೆಂಡತಿ ಅನುಸೂಯಮ್ಮನ ಅಟ್ಟದ ಮೇಲೆ ಉಳಿದಿದ್ದವು.

ಒಂದು ಭಾನುವಾರ ಹೋಗಿ ಕೇಳಿದಾಗ ಅನುಸೂಯಮ್ಮ ಏಣಿ ಹಿಡಿದುಕೊಂಡು ನಿಂತರು. "ಯಾವ ವರ್ಷದ್ದು?"

"ಹದಿನೆಂಟು. ಜ್ವರದ ವರ್ಷ."

ಮುದುಕಿಯ ಕೈ ಏಣಿಯ ಮೇಲೆ ಹಾಗೇ ನಿಂತಿತು. "ಆ ಕಟ್ಟು ಸುಟ್ಟುಬಿಡ್ಬೇಕು ಅಂತಿದ್ರು ನಮ್ಮನೆಯೋರು. ಸಾಯೋ ಮುಂಚೆ ಎರಡು ಮೂರು ಸಲ ಅಂದ್ರು. ಯಾಕೆ ಅಂದ್ರೆ ಹೇಳ್ಲಿಲ್ಲ. ತಾವೇ ಅಕ್ಷರ ಜೋಡಿಸಿದ್ದಲ್ವಾ, ನಂಗೆ ಸುಡೋಕೆ ಕೈ ಬರ್ಲಿಲ್ಲ." ಆಮೇಲೆ ಏಣಿಯನ್ನು ಭದ್ರವಾಗಿ ಹಿಡಿದು, "ಹತ್ತು," ಅಂದರು.

ಕಟ್ಟು ಬಿಚ್ಚಿದರೆ ಪುಟಗಳು ಹಪ್ಪಳದಂತೆ ಮುರಿಯುತ್ತಿದ್ದವು. ಭಾದ್ರಪದದ ಸಂಚಿಕೆಗಳಲ್ಲಿ ಜ್ವರದ ಸುಳಿವಿಲ್ಲ. ಆಶ್ವಯುಜಕ್ಕೆ ಬಂದರೆ ಪುಟದ ತುಂಬ ಸತ್ತವರ ಹೆಸರು. ದಸರೆ ಕಳೆದ ಮೇಲಿನ ಒಂದು ಸಂಚಿಕೆಯಲ್ಲಿ ಅಪ್ಪ ಸಿಕ್ಕಿದರು:

'ಶೋಕವಾರ್ತೆ. ನಮ್ಮೂರ ಸಹೋದರ ಸೇವಾ ಮಂಡಳಿಯ ಉತ್ಸಾಹೀ ಸದಸ್ಯರಾದ ಜವರಪ್ಪನವರು ಕಳೆದ ಮಂಗಳವಾರ ಮಧ್ಯಾಹ್ನ ವಿಷಮಶೀತ ಜ್ವರದಿಂದ ದೈವಾಧೀನರಾದರೆಂದು ತಿಳಿಸಲು ವಿಷಾದಿಸುತ್ತೇವೆ. ಮಂಡಳಿಯ ಸಹೋದರರೇ ಹೆಗಲು ಕೊಟ್ಟು ಅಂದೇ ಕೆರೆಯಂಚಿನ ಮಸಣಕ್ಕೆ ಸಾಗಿಸಿದರು. ಮೃತರು ಪತ್ನಿಯನ್ನೂ ಒಂದು ಹಸುಗೂಸನ್ನೂ ಅಗಲಿರುವರು.'

ಹಸುಗೂಸು ಎಂದರೆ ತಾನು. ಅಶ್ವತ್ಥಮ್ಮನ ಕಣ್ಣು ತುಂಬಿತು. ಅದನ್ನು ಪೆನ್ಸಿಲಿನಲ್ಲಿ ಬರೆದುಕೊಂಡಳು. ಅಲ್ಲಿಗೆ ಎದ್ದು ಬಂದಿದ್ದರೆ ಆಗುತ್ತಿತ್ತು. ಅಪ್ಪನ ಬಗ್ಗೆ ಮಂಡಳಿಯವರು ಸಂತಾಪ ಸಭೆ ಮಾಡಿರಬಹುದು, ಅದೂ ಅಚ್ಚಾಗಿರಬಹುದು ಎಂದು ಮುಂದಿನ ವಾರದ್ದನ್ನು ಎತ್ತಿಕೊಂಡಳು. ಸಂತಾಪ ಸಭೆ ಇರಲಿಲ್ಲ. ಮೂರನೇ ಪುಟದ ಮೂಲೆಯಲ್ಲಿ, ಕಳೆದುಹೋದ ಎಮ್ಮೆಯೊಂದರ ಪ್ರಕಟಣೆಯ ಕೆಳಗೆ, ಇದಿತ್ತು:

'ಪಿಶಾಚ ಚೇಷ್ಟೆ. ಹಿಂದಿನ ವಾರ ಮಂಗಳವಾರದಂದು ದೀಪ ಹೊತ್ತಿಸುವ ವೇಳೆಗೆ, ಬಿಳಿಯ ವಸ್ತ್ರ ಸುತ್ತಿದ ಪಿಶಾಚವೊಂದು ಕೋಟೆಬೀದಿಯಲ್ಲಿ ಕಾಣಿಸಿಕೊಂಡಿತು. ಅದು ತೂರಾಡುತ್ತ ಬಂದು ಕದಗಳನ್ನು ತಟ್ಟಿ ನೀರು ಬೇಡುತ್ತಲೂ, ಅಶ್ವತ್ಥೂ, ಅಶ್ವತ್ಥೂ ಎಂದು ಯಾರನ್ನೋ ಕರೆಯುತ್ತಲೂ ಇದ್ದಿತಂತೆ. ಜನರು ಭೀತರಾಗಿ ಅಗಣಿ ಹಾಕಿಕೊಂಡರು. ಆಗ ಸಹೋದರ ಸೇವಾ ಮಂಡಳಿಯ ತರುಣರು ಧೈರ್ಯಗೆಡದೆ ಕಲ್ಲು ಬೀರುತ್ತ ಅದನ್ನು ಊರಾಚೆಗೆ ಓಡಿಸಿದರೆಂದು ಕೇಳಿ ಸಂತೋಷಪಡುತ್ತೇವೆ.'

ಅವಳು ಅದನ್ನು ಇನ್ನೊಮ್ಮೆ ಓದಿದಳು. ಮಂಗಳವಾರ. ಅದೇ ಮಂಗಳವಾರ. ಕೋಟೆಬೀದಿಯಲ್ಲಿ ಅಶ್ವತ್ಥ ಎಂಬ ಹೆಸರಿನವಳು ಆಗಲೂ ಈಗಲೂ ಒಬ್ಬಳೇ. ಕೆಳಗಿನಿಂದ ಅನುಸೂಯಮ್ಮ, "ಸಿಕ್ತೇನಮ್ಮಾ?" ಎಂದು ಕೂಗಿದರು. ಅವಳು ಓಗೊಡದೆ ಕಟ್ಟನ್ನು ಕಟ್ಟಿಟ್ಟು ಏಣಿ ಇಳಿದಳು.

ಮನೆಗೆ ಬಂದಾಗ ಕದಿರಮ್ಮ ಜಗಲಿಯಲ್ಲಿ ಕೂತು ಪಡಿತರದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಮಗಳ ಮುಖ ನೋಡಿದವಳೇ ಮೊರವನ್ನು ತೊಡೆಯ ಮೇಲಿಟ್ಟುಕೊಂಡಳು.

"ಓದ್ಬಂದ್ಯಾ?"

"ಅದು ಅಪ್ಪಾನೇನಾ ಅವ್ವಾ?"

ಬೀದಿಯಲ್ಲಿ ಒಂದು ಗಾಡಿ ಹೋಯಿತು. ಅದರ ಸದ್ದು ಅಡಗಿದ ಮೇಲೆ ಕದಿರಮ್ಮ ತಗ್ಗಿದ ದನಿಯಲ್ಲಿ, ಬೇರೆ ಯಾರದೋ ಮನೆಯ ಸುದ್ದಿ ಹೇಳುವವಳಂತೆ ಹೇಳತೊಡಗಿದಳು.

"ಮಧ್ಯಾಹ್ನ ಉಸಿರು ನಿಂತಂಗಿತ್ತು. ಮೈ ತಣ್ಣಗಿತ್ತು. ಆವಾಗ ಮನೆಮನೇಲೂ ಹೆಣ ಕಣೇ, ಯಾರು ಕೂತ್ಕೊಂಡು ಮೂಗಿಗೆ ಬೆರಳಿಟ್ಟು ನೋಡ್ತಾರೆ? ಮಂಡಳಿಯೋರು ಬಂದ್ರು, ಬಟ್ಟೆ ಸುತ್ತಿದ್ರು, ಎತ್ಕೊಂಡ್ ಹೋದ್ರು. ಎಲ್ಲಾ ಹೆಣಕ್ಕೂ ಒಂದೇ ಗುಂಡಿ, ಅದು ತುಂಬೋವರ್ಗೂ ಮಣ್ಣು ಮುಚ್ತಿರ್ಲಿಲ್ಲ. ದೀಪ ಹಚ್ಚೋ ಹೊತ್ಗೆ ಬಾಗ್ಲು ತಟ್ಟಿದ ಸದ್ದಾಯ್ತು. ನಿನ್ನ ಹೆಸ್ರು ಹಿಡಿದು ಕರೆದ್ರು. ಅವರು ಯಾವತ್ತೂ ಹಂಗೇ, ನನ್ನ ಕರೀಬೇಕಾದ್ರೂ ನಿನ್ನ ಹೆಸ್ರೇ ಕರೀತಿದ್ರು."

"ದನಿ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು." ಕದಿರಮ್ಮ ಅಕ್ಕಿಯಲ್ಲಿ ಬೆರಳಾಡಿಸಿದಳು. "ನಮ್ಮತ್ತೆ ನನ್ನ ಬಾಯಿ ಮುಚ್ಚಿ ಹಿಡಿದ್ಳು. ದೆವ್ವ ಒಂದೇ ಸಲ ಕರೆಯೋದು, ಓಗೊಟ್ರೆ ಮಗೀನ ಕೊಂಡೋಯ್ತದೆ, ಮನುಷ್ಯನಾದ್ರೆ ಮೂರು ಸಲ ಕರೀತಾನೆ, ಕಾದು ನೋಡು ಅಂದ್ಳು. ನಾನು ಕಾದೆ. ಎರಡನೇ ಸಲ ಕರೆದ್ರು."

"ಆಮೇಲೆ?"

"ಮೂರನೇ ಸಲಾನೂ ಕರೆದ್ರು. ಆಮೇಲೂ ಕರೆದ್ರು. ನೀರು ಅಂದ್ರು. ಪಕ್ಕದ ಮನೆಗೆ ಹೋದ್ರು, ಎದುರು ಮನೆಗೆ ಹೋದ್ರು, ತಿರುಗಿ ನಮ್ಮನೆಗೇ ಬಂದ್ರು. ಅಷ್ಟೊತ್ಗೆ ಬೀದಿಲಿ ಗಂಡಸ್ರ ಗದ್ದಲ. ಮುನಿವೆಂಕಟಪ್ಪನ ಗಂಟ್ಲು ಕೇಳಿಸ್ತು, ಯಾರೂ ಬಾಗ್ಲು ತೆಗೀಬೇಡಿ ಅಂತ. ಮೊದಲ್ನೇ ಕಲ್ಲು ನಮ್ಮ ಬಾಗ್ಲಿಗೇ ಬಿತ್ತು."

ಅಶ್ವತ್ಥಮ್ಮ ಗೋಡೆಗೆ ಒರಗಿದಳು. "ತೆಗೀಬಾರ್ದಿತ್ತಾ ಅವ್ವಾ?"

"ನೀನು ತೊಡೆ ಮೇಲಿದ್ದೆ. ನಿಂಗೂ ಮೈ ಸುಡ್ತಿತ್ತು."

ತಾಯಿ ಮತ್ತೆ ಮೊರ ಎತ್ತಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ, "ಎಲ್ಲಿ ಬಿದ್ರು ಅಂತ ನಂಗೆ ಯಾರೂ ಹೇಳ್ಲಿಲ್ಲ," ಎಂದಳು. "ಕೇಳೋ ಧೈರ್ಯ ನಂಗಿರ್ಲಿಲ್ಲ. ನಿಂಗಿದ್ರೆ ಅದೊಂದು ಕೇಳ್ಕೊಂಡ್ ಬಾ."

ಮಾರನೇ ದಿನ ಶಾಲೆ ಬಿಟ್ಟ ಮೇಲೆ ಅಶ್ವತ್ಥಮ್ಮ ಮೊದಲು ಅನುಸೂಯಮ್ಮನ ಮನೆಗೆ ಹೋದಳು. ಆ ಎರಡನೆಯ ಸುದ್ದಿಯನ್ನು ಬರೆದುಕೊಳ್ಳಲು ಹಿಂದಿನ ದಿನ ಕೈ ಏಳದೇ ಹೋಗಿತ್ತು. ಅನುಸೂಯಮ್ಮ ಬಾಗಿಲನ್ನು ಅರ್ಧವೇ ತೆರೆದರು. ಒಳಗೆ ಏಣಿ ಇನ್ನೂ ಅಟ್ಟಕ್ಕೆ ಒರಗಿತ್ತು.

"ಬೆಳಿಗ್ಗೆ ಮಂಡಳಿಯೋರು ಬಂದು ಎಲ್ಲಾ ಕಟ್ಟೂ ತಗೊಂಡ್ ಹೋದ್ರಮ್ಮ. ಹಬ್ಬದಲ್ಲಿ ಇಡೋಕಂತೆ. ನೀನು ಬಂದಿದ್ದು ಅವರಿಗೆ ಯಾರು ಹೇಳಿದ್ರೋ, ನಾನಂತೂ ಹೇಳಿಲ್ಲ." ಅಷ್ಟು ಹೇಳಿ ಬಾಗಿಲು ಹಾಕಿಕೊಂಡರು.

ಮಂಡಳಿಯ ಹೊಸ ಕಟ್ಟಡದಲ್ಲಿ ಸುಣ್ಣ ಬಳಿಯುತ್ತಿದ್ದರು. ಮುನಿವೆಂಕಟಪ್ಪನವರು ಹಜಾರದ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವಳನ್ನು ಕಂಡವರೇ ಆಳುಗಳಿಗೆ, "ಹೋಗ್ರಪ್ಪಾ, ಎಲೆ ಅಡಿಕೆ ಹಾಕ್ಕೊಂಡ್ ಬನ್ನಿ," ಎಂದರು. ಅವರು ಹೋದ ಮೇಲೆ ಹಜಾರದಲ್ಲಿ ಹಸಿ ಸುಣ್ಣದ ವಾಸನೆಯೊಂದೇ ಉಳಿಯಿತು.

"ಬರ್ದ್ಯಾ ಅರ್ಧ ಪುಟ?"

"ಪತ್ರಿಕೆ ಕಟ್ಟು ಎಲ್ಲಿ ಮಾವ?"

"ಗೆದ್ದಲು ಹಿಡಿದಿತ್ತು. ಸುಣ್ಣ ಸುಡೋ ಗೂಡಿಗೆ ಹಾಕಿಸ್ಬಿಟ್ಟೆ."

ಅಶ್ವತ್ಥಮ್ಮನಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಭಯ. ಈ ಮನುಷ್ಯ ಅವಳಿಗೆ ಸ್ಲೇಟು ಕೊಡಿಸಿದ್ದ, ಮದುವೆಯಲ್ಲಿ ತಂದೆಯ ಜಾಗದಲ್ಲಿ ನಿಂತು ಧಾರೆ ಎರೆದಿದ್ದ. ಆದರೂ ಕೇಳಿದಳು: "ಅದು ಅಪ್ಪ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ಅವರು ಸುತ್ತ ನೋಡಿದರು. ಸುಳ್ಳು ಹೇಳುವರೆಂದುಕೊಂಡಳು. ಹೇಳಲಿಲ್ಲ.

"ಹೊತ್ಕೊಂಡ್ ಹೋಗಿ ಗುಂಡೀಲಿಟ್ಟೋರು ನಾವೇ ಕಣಮ್ಮ. ನಮ್ಮ ಕೈಯಾರೆ ಇಟ್ಟ ಹೆಣ ಎದ್ದು ಬೀದೀಲಿ ಬಂದ್ರೆ ಏನಂತ ತಿಳ್ಕೋಬೇಕು? ಎಲ್ರೂ ಇಪ್ಪತ್ತು ಇಪ್ಪತ್ತೈದರ ಹುಡುಗ್ರು. ನಿದ್ದೆ ಇಲ್ಲ, ಹೆಣ ಹೊತ್ತು ಹೊತ್ತು ತಲೆ ಕೆಟ್ಟಿತ್ತು. ಓಡಿಸಿದ್ವಿ. ಬೆಳಿಗ್ಗೆ ಹೋಗಿ ನೋಡಿದ್ರೆ ಕಲ್ಲಿನ ಮೇಲೆಲ್ಲ ರಕ್ತ. ದೆವ್ವಕ್ಕೆ ರಕ್ತ ಇರಲ್ಲ."

"ಆವಾಗ ಉಸಿರಿತ್ತಾ?"

ಮುನಿವೆಂಕಟಪ್ಪನವರು ಮೇಲುಹೊದಿಕೆ ತೆಗೆದು ಮುಖ ಒರೆಸಿಕೊಂಡರು. ಅವಳು ಕಾದಳು.

"ಎಲ್ಲಿ? ಅದನ್ನಾದ್ರೂ ಹೇಳಿ. ಅವ್ವ ಕೇಳ್ತಾಳೆ."

"ತೂಬಗೆರೆ ದಾರೀಲಿ ಹಳ್ಳ ದಾಟಿದ ಮೇಲೆ ಕಲ್ಲುಗುಡ್ಡೆ ಇದೆಯಲ್ಲ. ಅದೇ. ಅಲ್ಲೇ ಮುಚ್ಚಿದ್ವಿ. ದೆವ್ವಾನ ಅದುಮಿಟ್ಟಿದೀವಿ, ಏಳಬಾರ್ದು ಅಂದ್ರೆ ಹೋಗೋರೆಲ್ಲ ಒಂದೊಂದು ಕಲ್ಲು ಹಾಕ್ಬೇಕು ಅಂತ ಊರಿಗೆ ಹೇಳಿದ್ವಿ. ಯಾರೂ ಕೆದಕಬಾರ್ದಲ್ಲ." ಅವರ ದನಿ ಇಳಿಯಿತು. "ಈ ಸೀಮೇಲಿ ಅಲ್ಲಿಗೆ ಕಲ್ಲು ಹಾಕದೋರು ಯಾರೂ ಇಲ್ಲ. ನೀನೂ ಹಾಕಿರ್ತೀಯ."

ಹಾಕಿದ್ದಳು. ಒಂದು ಸಲವಲ್ಲ, ಚಿಕ್ಕಂದಿನಿಂದ ಆ ದಾರಿಯಲ್ಲಿ ಹೋದಾಗಲೆಲ್ಲ. ಹೋದ ವರ್ಷ ಶಾಲೆಯ ಹುಡುಗಿಯರನ್ನು ಘಾಟಿ ಜಾತ್ರೆಗೆ ಕರೆದುಕೊಂಡು ಹೋದಾಗ ಸಾಲನ್ನು ಅಲ್ಲಿ ನಿಲ್ಲಿಸಿ, ನೂಕಾಡಬೇಡಿ ಎಂದು ಗದರಿ, ಒಬ್ಬೊಬ್ಬಳೂ ಒಂದೊಂದು ಹಾಕುವವರೆಗೆ ಕಾದಿದ್ದಳು. ಕೈಗೆ ಕಲ್ಲು ಸಿಗದ ಪುಟ್ಟ ಹುಡುಗಿಯೊಬ್ಬಳಿಗೆ ತಾನೇ ಹುಡುಕಿ ಕೊಟ್ಟಿದ್ದಳು. ಅವಳು ಅಲ್ಲೇ, ಸುಣ್ಣದ ಹನಿ ಬಿದ್ದ ನೆಲದ ಮೇಲೆ ಕೂತುಬಿಟ್ಟಳು.

"ಊರಿಗೆಲ್ಲ ಹೇಳ್ತೀನಿ ಅಂದ್ರೆ ಹೇಳಮ್ಮ," ಎಂದರು ಮುನಿವೆಂಕಟಪ್ಪನವರು. ಮಾತು ಮೆತ್ತಗೇ ಇತ್ತು. "ಕಲ್ಲು ಹೊಡೆದೋರಲ್ಲಿ ಈಗ ಉಳಿದಿರೋನು ನಾನೊಬ್ನೇ. ಬಾಗ್ಲು ತೆಗೀದೆ ಕೂತಿದ್ದೋರಲ್ಲಿ ನಿಮ್ಮವ್ವ ಇದಾಳೆ. ಕಟ್ಕೊಂಡೋಳು. ಜನ ಮೊದ್ಲು ಯಾರ ಕಡೆ ತಿರುಗ್ತಾರೆ ಅಂತ ಯೋಚ್ನೆ ಮಾಡು. ಪಟಕ್ಕೆ ಕೂತ್ಕೊಳೋದು ಮರೀಬೇಡ."

ಮನೆಗೆ ಹೋಗಿ ಜಾಗವನ್ನಷ್ಟೇ ಹೇಳಿದಳು. ಕದಿರಮ್ಮ ಕೇಳಿಸಿಕೊಂಡು, ಕೈ ತೊಳೆದು, ಮಗಳಿಗೆ ಊಟ ಬಡಿಸಿದಳು. ಅಳಲಿಲ್ಲ. ಬೆಳಿಗ್ಗೆ ಅಶ್ವತ್ಥಮ್ಮ ಏಳುವ ಹೊತ್ತಿಗೆ ಅವಳ ಚಾಪೆ ಖಾಲಿ ಇತ್ತು, ಸಗಣಿ ಬುಟ್ಟಿಯೂ ಹಿತ್ತಲಲ್ಲಿರಲಿಲ್ಲ.

ಓಡಿದಳು. ಹಳ್ಳದಾಚೆ ಇಬ್ಬನಿ ಇನ್ನೂ ಆರಿರಲಿಲ್ಲ. ಗುಡ್ಡೆ ಆಳೆತ್ತರಕ್ಕೆ ಬೆಳೆದು, ಮೇಲೆ ಲಂಟಾನ ಹಬ್ಬಿತ್ತು. ಕದಿರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದೊಂದೇ ಕಲ್ಲನ್ನು ಬುಟ್ಟಿಗೆ ತುಂಬಿ ಹಳ್ಳಕ್ಕೆ ಸುರಿಯುತ್ತಿದ್ದಳು. ಕೈಯೆಲ್ಲ ತರಚಿತ್ತು.

"ಭಾರ ಆಗಿರ್ತದೆ ಕಣೇ," ಎಂದಳು ಮಗಳನ್ನು ಕಂಡು. "ಎಷ್ಟು ಜನ ಹಾಕಿದಾರೆ ನೋಡು."

ಅಶ್ವತ್ಥಮ್ಮನೂ ಬಗ್ಗಿದಳು. ಇಬ್ಬರೂ ಬಿಸಿಲೇರುವವರೆಗೆ ಎತ್ತಿದರು. ರಾಗಿ ಹೊಲ ನೋಡಲು ಬಂದವರು ದೂರದಲ್ಲೇ ನಿಂತರು. ಒಬ್ಬ ಕೈ ಬಾಯಿಗೆ ಇಟ್ಟುಕೊಂಡು, "ಅದನ್ನ ಮುಟ್ಬೇಡ್ರವ್ವೋ, ಎದ್ಬಿಡ್ತದೆ!" ಎಂದು ಕೂಗಿದ. ಯಾರೂ ಹತ್ತಿರ ಬರಲಿಲ್ಲ. ಗುಡ್ಡೆ ಸೊಂಟದೆತ್ತರಕ್ಕೆ ಇಳಿದಾಗ ಕದಿರಮ್ಮ ತಾನಾಗಿ ನಿಲ್ಲಿಸಿದಳು. ಕೆಳಗಿನ ಕಲ್ಲುಗಳು ಬೇರೆ ಥರ ಇದ್ದವು, ದೊಡ್ಡವು, ಗಂಡಸರು ಇಬ್ಬರು ಹಿಡಿದು ಎತ್ತುವಂಥವು. ಅವನ್ನು ನೋಡುತ್ತ ನಿಂತು, "ಇದರ ಕೆಳಗೆ ನೋಡೋಕೆ ನಂಗಾಗಲ್ಲ," ಅಂದಳು.

ಮೂರು ದಿನ ಬಿಟ್ಟು ಹೋದರೆ ಗುಡ್ಡೆ ಮೊದಲಿಗಿಂತ ದೊಡ್ಡದಾಗಿತ್ತು. ದೆವ್ವವನ್ನು ಕೆದಕಿದ್ದಾರೆಂದು ಹೆದರಿ ಸುತ್ತಲ ಹಳ್ಳಿಯವರು ಗಾಡಿಯಲ್ಲಿ ಕಲ್ಲು ತಂದು ಸುರಿದಿದ್ದರು. ಅಪ್ಪನನ್ನು ಜನರೇ ಹೀಗೆ ಅದುಮುತ್ತಿರುವಾಗ ಮುನಿವೆಂಕಟಪ್ಪನವರು ಬೆರಳೆತ್ತುವ ಅಗತ್ಯವೂ ಇರಲಿಲ್ಲ.

ಅಶ್ವತ್ಥಮ್ಮ ಪಟಕ್ಕೆ ಕೂರಲಿಲ್ಲ, ಅರ್ಧ ಪುಟವನ್ನೂ ಬರೆಯಲಿಲ್ಲ. ಪಕ್ಕದ ಮನೆಯ ಸೊಣ್ಣಮ್ಮನಿಗೆ ನಿಜ ಹೇಳಿ ನೋಡಿದಳು. ಸೊಣ್ಣಮ್ಮ ಕಿವಿ ಮುಚ್ಚಿಕೊಂಡು, "ನಮ್ಮತ್ತೇನೂ ಅವತ್ತು ಬಾಗ್ಲು ತೆಗೀಲಿಲ್ಲ ಕಣಮ್ಮ. ಇದನ್ನ ಇನ್ಯಾರಿಗೂ ಹೇಳ್ಬೇಡ," ಎಂದು ಒಳಗೆ ಹೋದಳು. ಬೆಳ್ಳಿಹಬ್ಬ ಸಾಂಗವಾಗಿ ನಡೆಯಿತು. ಚಿತ್ರಗಾರ ಅವಳನ್ನು ಶಾಲೆಯ ಬಾಗಿಲಲ್ಲಿ ಎಲ್ಲೋ ನೋಡಿಕೊಂಡು ಹೋಗಿದ್ದನೆಂದು ಕಾಣುತ್ತದೆ, ಪಟದಲ್ಲಿ ಅವಳ ಕಣ್ಣುಗಳೇ ಇದ್ದವಂತೆ. ಪುಸ್ತಕದಲ್ಲಿ ಅರ್ಧ ಪುಟವನ್ನು ಮುನಿವೆಂಕಟಪ್ಪನವರೇ ಬರೆದಿದ್ದರು. ಓದಿದವರು ಕಣ್ಣೀರು ಹಾಕಿದರಂತೆ.

ಅಷ್ಟರಲ್ಲಿ ಊರಲ್ಲಿ ಬೇರೊಂದು ಮಾತು ಹಬ್ಬಿತ್ತು. ಕಲ್ಲುಗುಡ್ಡೆಯ ದೆವ್ವ ಕದಿರಮ್ಮನಿಗೆ ಮೆಟ್ಟಿಕೊಂಡಿದೆ ಎಂದು. ಮಕ್ಕಳನ್ನು ಶಾಲೆಗೆ ಕಳಿಸುವವರು ಕಡಿಮೆಯಾದರು. ಸಂಕ್ರಾಂತಿಗೆ ಮುಂಚೆ ಅಶ್ವತ್ಥಮ್ಮನಿಗೆ ವರ್ಗದ ಹುಕುಂ ಬಂತು, ತೂಬಗೆರೆಗೆ.

ಸಾಮಾನು ಹೇರಿಕೊಂಡು ಹೊರಟ ಗಾಡಿ ಹಳ್ಳ ದಾಟಿತು. ಗಾಡಿಯವನು ಗಂಗಣ್ಣ ಎಂದು, ಹಾಡೋನಹಳ್ಳಿ ಕಡೆಯವನು, ಇವರ ಗುರುತಿಲ್ಲ. ಗುಡ್ಡೆಯ ಬಳಿ ಹಗ್ಗ ಎಳೆದು ಎತ್ತು ನಿಲ್ಲಿಸಿ, ಇಳಿದು ಕಲ್ಲು ಹುಡುಕತೊಡಗಿದ.

"ಹಾಕ್ಬೇಡಪ್ಪಾ," ಎಂದಳು ಅಶ್ವತ್ಥಮ್ಮ. "ಅದು ದೆವ್ವ ಅಲ್ಲ. ನಮ್ಮಪ್ಪ."

ಗಂಗಣ್ಣ ಅವಳನ್ನೂ, ಅವಳ ತಾಯಿಯನ್ನೂ ನೋಡಿದ. ಕೈಯಲ್ಲಿ ಕಲ್ಲಿತ್ತು. "ಯಾರೇ ಆಗ್ಲಿ ತಾಯಿ. ಹಾಕ್ದೆ ಹೋದ್ರೆ ಎತ್ತು ಹೆಜ್ಜೆ ಕಿತ್ತಿಡಲ್ಲ," ಎಂದು ಬೀಸಿದ. ಕಲ್ಲು ಕಲ್ಲಿನ ಮೇಲೆ ಬಿದ್ದ ಸದ್ದಾಯಿತು.

ಕದಿರಮ್ಮ ಗಾಡಿಯಿಂದ ಇಳಿದಳು. ಗುಡ್ಡೆಯ ಬಳಿ ಹೋಗಿ, ಈಗ ಬಿದ್ದ ಆ ಕಲ್ಲನ್ನು ಎತ್ತಿ, ಮಣ್ಣು ಒರೆಸಿ, ಸೆರಗಿನಲ್ಲಿ ಗಂಟು ಹಾಕಿಕೊಂಡು ಮತ್ತೆ ಹತ್ತಿ ಕೂತಳು. ಗಂಗಣ್ಣನ ಮುಖ ಬಿಳಿಚಿತು. ದಾರಿಯುದ್ದಕ್ಕೂ ಅವನು ಹಿಂತಿರುಗಿ ನೋಡಲಿಲ್ಲ.

ತೂಬಗೆರೆ ಬಂದಾಗ ಇವರಿಗೆ ಗೊತ್ತುಮಾಡಿದ್ದ ಮನೆ ಇನ್ನೂ ನಾಲ್ಕು ಮನೆಯಾಚೆ ಇರುವಾಗಲೇ ಸಾಮಾನನ್ನೆಲ್ಲ ಬೀದಿಯಲ್ಲಿ ಇಳಿಸಿದ. ಅಶ್ವತ್ಥಮ್ಮ ಬಾವಿಯಿಂದ ಒಂದು ತಂಬಿಗೆ ನೀರು ಸೇದಿ ತಂದು ಕೊಡಹೋದಳು. ಅವನು ಮುಟ್ಟಲಿಲ್ಲ. ಅರಳಿಕಟ್ಟೆಯಲ್ಲಿ ಕೂತಿದ್ದ ಊರವರ ಬಳಿ ಗಾಡಿ ನಿಲ್ಲಿಸಿ, ಬಗ್ಗಿ, ಅವರಿಗೆ ಏನೋ ಹೇಳಿದ. ಅವರೆಲ್ಲ ಒಮ್ಮೆಗೇ ಇತ್ತ ತಿರುಗಿದರು. ಬೀದಿಯ ಎರಡೂ ಬದಿಯಲ್ಲಿ, ಇನ್ನೂ ಹಾಡುಹಗಲಾಗಿದ್ದರೂ, ಒಂದೊಂದೇ ಬಾಗಿಲು ಮುಚ್ಚಿಕೊಳ್ಳತೊಡಗಿತು.